ನಿಜಾಮ ಪ್ರಭುತ್ವದ ಸಂಧಾನಗಳು ಮತ್ತು ಕಲ್ಯಾಣ–ಹುಮನಾಬಾದ ಪರಿಸರದ ಜನಸ್ಮೃತಿ (1938–1948)

1

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ಸೀಮೆಯ ಹಳ್ಳಿಗಳಲ್ಲಿ ಹಾಡು, ಕಥೆ, ಐತಿಹ್ಯಗಳ ಸಂಗ್ರಹಕ್ಕೆಂದು ತಿರುಗಾಡಿದವರಿಗೆ ಒಂದು ಅನುಭವ ಆಗಿಯೇ ಇರುತ್ತದೆ. ಹಿರಿಯ ವಕ್ತೃವಿನ ವಯಸ್ಸನ್ನು ಕೇಳಿದರೆ ಆತ ಇಸವಿಯನ್ನು ಹೇಳುವುದಿಲ್ಲ. ರಜಾಕಾರರ ಗದ್ದಲದ ಹೊತ್ತಿಗೆ ತಾನು ಎಷ್ಟೆತ್ತರ ಇದ್ದೆನೆಂಬುದನ್ನು ಅಂಗೈ ಚಾಚಿ ತೋರಿಸುತ್ತಾನೆ. ಹೆಣ್ಣುಮಕ್ಕಳು ತಮ್ಮ ಮದುವೆಯನ್ನು, ಚೊಚ್ಚಲ ಹೆರಿಗೆಯನ್ನು ಅದೇ ಗುರುತಿನಿಂದ ಎಣಿಸುತ್ತಾರೆ. ಗದ್ದಲಕ್ಕೆ ಮುಂಚೆ, ಗದ್ದಲದೊಳಗೆ, ಲಷ್ಕರ ಬಂದ ಮೇಲೆ ಎಂಬ ಮೂರು ಭಾಗಗಳ ಕಾಲಗಣನೆ ಇದು. ಆ ತಲೆಮಾರು ಈಗ ಬಹುಮಟ್ಟಿಗೆ ಕಣ್ಮರೆಯಾಗಿದ್ದರೂ ಅವರಿಂದ ಕೇಳಿ ಬೆಳೆದ ಮಕ್ಕಳ ಮಾತಿನಲ್ಲಿ ಈ ಎಣಿಕೆ ಇನ್ನೂ ಉಳಿದಿದೆ.

ಈ ಕಾಲಗಣನೆಯಲ್ಲಿ ಸ್ಥಾನ ಪಡೆಯದ ಸಂಗತಿಯೊಂದಿದೆ. 1938ರಿಂದ 1948ರವರೆಗಿನ ಹತ್ತು ವರ್ಷಗಳಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹಾಗೂ ಅವರ ಸರ್ಕಾರ ತಮ್ಮನ್ನು ವಿರೋಧಿಸಿದ ಸಂಘಟನೆಗಳೊಡನೆ ಮೇಲಿಂದ ಮೇಲೆ ಮಾತುಕತೆ ನಡೆಸಿದರು. ಪತ್ರಗಳು ಓಡಾಡಿದವು, ಮಧ್ಯಸ್ಥರು ಬಂದು ಹೋದರು, ಕರಡುಗಳು ಸಿದ್ಧವಾದವು. ಸಂಸ್ಥಾನದ ಚರಿತ್ರೆಯನ್ನು ಬರೆದವರು ಈ ಮಾತುಕತೆಗಳಿಗೆ ಅಧ್ಯಾಯಗಳನ್ನೇ ಮೀಸಲಿಟ್ಟಿದ್ದಾರೆ. ಆದರೆ ನಮ್ಮ ಭಾಗದ ಮೌಖಿಕ ಪರಂಪರೆಯಲ್ಲಿ ಅವುಗಳ ಸುಳಿವೇ ಇಲ್ಲವೆನ್ನಬಹುದು. ಬಾದಶಹ ಯಾರೊಡನೆಯಾದರೂ ಕೂತು ಮಾತಾಡಿದ ಎಂಬ ಕಥೆಯನ್ನು ನಾನು ಈ ಸೀಮೆಯಲ್ಲಿ ಕೇಳಿಲ್ಲ. ಹೀಗೇಕೆ? ನಿಜಾಮರು ಯಾರೊಡನೆ, ಯಾವ ವಿಷಯದ ಮೇಲೆ ಮಾತಾಡಲು ಒಪ್ಪಿದರು, ಯಾರೊಡನೆ ಒಪ್ಪಲಿಲ್ಲ ಎಂಬುದನ್ನು ಪರಿಶೀಲಿಸಿದರೆ ಜನಸ್ಮೃತಿಯ ಈ ಮೌನಕ್ಕೆ ಕಾರಣ ತಕ್ಕಮಟ್ಟಿಗೆ ತಿಳಿಯುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು.

2

ಮೊದಲು ಈ ಪರಿಸರದ ಆಡಳಿತ ಸ್ಥಿತಿಯನ್ನು ಗಮನಿಸಬೇಕು. ಇಂದಿನ ಬಸವಕಲ್ಯಾಣವು ಅಂದು ಕಲ್ಯಾಣಿ ಎಂದೇ ದಾಖಲಾಗಿದ್ದ ಊರು. ನವಾಬರ ಜಹಗೀರಿನ ಮುಖ್ಯಸ್ಥಾನ. ಬೀದರ ಜಿಲ್ಲೆಯ ಗಣನೀಯ ಭಾಗ ಹೀಗೆಯೇ ಪಾಯಗಾ ಹಾಗೂ ಜಹಗೀರುಗಳಲ್ಲಿ ಹಂಚಿಹೋಗಿತ್ತು. ಜಹಗೀರಿನ ರೈತನಿಗೆ ಹೈದರಾಬಾದಿನ ದೊರೆ ಎರಡು ಮೆಟ್ಟಿಲು ಮೇಲಿದ್ದವನು. ಕಂದಾಯ, ಕಚೇರಿ, ಠಾಣೆಗಳ ವಿಷಯದಲ್ಲಿ ಅವನು ಮೊದಲು ಕಾಣಬೇಕಾದದ್ದು ಜಹಗೀರುದಾರನ ಮಂದಿಯನ್ನು. ಸರ್ಕಾರದ ಭಾಷೆ ಉರ್ದು. ರೈತನ ಮನೆಮಾತು ಕನ್ನಡವೋ ಮರಾಠಿಯೋ ತೆಲುಗೋ ಆಗಿತ್ತು. ಅರ್ಜಿ ಬರೆಯಿಸಲು ಕಚೇರಿಯ ಮುಂದೆ ಕೂತ ಬರಹಗಾರನಿಗೆ ದುಡ್ಡು ಕೊಡಬೇಕಿತ್ತು. ಅರ್ಜಿ, ಫಿರ್ಯಾದಿ, ರಾಜಿ, ಕರಾರು ಮುಂತಾದ ಸಂಧಾನಕ್ಕೆ ಸಂಬಂಧಿಸಿದ ಪದಗಳೆಲ್ಲ ನಮ್ಮ ಆಡುಮಾತಿಗೆ ಕಚೇರಿಯಿಂದಲೇ ಬಂದವು. ಪದಗಳು ಹಳ್ಳಿಗೆ ಇಳಿದವೇ ಹೊರತು ಅವು ಸೂಚಿಸುವ ಹಕ್ಕುಗಳು ಇಳಿಯಲಿಲ್ಲ.

ಸಭೆ ಸೇರುವುದಕ್ಕೂ ಅನುಮತಿ ಬೇಕಾಗಿತ್ತು. ಗಸ್ತಿ ನಿಶಾನ್ 53 ಎಂದು ಹೆಸರಾದ ಸುತ್ತೋಲೆ ಸಾರ್ವಜನಿಕ ಸಭೆಗಳನ್ನು ಸರ್ಕಾರದ ಪೂರ್ವಾನುಮತಿಗೆ ಒಳಪಡಿಸಿತ್ತು. ಆದ್ದರಿಂದ ರಾಜಕೀಯ ಚಟುವಟಿಕೆ ಸಂಸ್ಥಾನದಲ್ಲಿ ಗ್ರಂಥಾಲಯ, ಶಾಲೆ, ಭಾಷಾ ಪರಿಷತ್ತು, ಧಾರ್ಮಿಕ ಸಂಘಗಳ ವೇಷದಲ್ಲಿಯೇ ಕಾಣಿಸಿಕೊಳ್ಳಬೇಕಾಯಿತು. ಆಂಧ್ರ, ಮಹಾರಾಷ್ಟ್ರ, ಕರ್ನಾಟಕ ಪರಿಷತ್ತುಗಳು ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ನಮ್ಮ ಭಾಗದಲ್ಲಿ ಆ ಪಾತ್ರವನ್ನು ಹೆಚ್ಚಾಗಿ ವಹಿಸಿದ್ದು ಆರ್ಯಸಮಾಜ. ಹುಮನಾಬಾದಿಗೆ ಸಮೀಪದ ಹಳ್ಳಿಖೇಡ, ಭಾಲ್ಕಿ, ಉದಗೀರ ಊರುಗಳ ಸುತ್ತ ಭಾಯಿ ಬನ್ಸೀಲಾಲ ಮತ್ತು ವಕೀಲರಾಗಿದ್ದ ಶ್ಯಾಮಲಾಲ ಸಹೋದರರು ಅದನ್ನು ಬೆಳೆಸಿದರು. 1938ರಲ್ಲಿ ಕಲ್ಯಾಣಿಯಲ್ಲಿ ಸಮಾಜದ ಕಾರ್ಯಕರ್ತ ಧರ್ಮಪ್ರಕಾಶರ ಕೊಲೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಶ್ಯಾಮಲಾಲರು ಬೀದರ ಸೆರೆಮನೆಯಲ್ಲಿ ತೀರಿಕೊಂಡರು. 1942ರ ಹೋಳಿಯ ಸಮಯದಲ್ಲಿ ಹುಮನಾಬಾದಿನಲ್ಲಿ ಶಿವಚಂದ್ರ ಮೊದಲಾದವರು ಗುಂಡಿಗೆ ಬಲಿಯಾದರು.

ಇದೇ ಹುಮನಾಬಾದು ಮಾಣಿಕಪ್ರಭುಗಳ (1817–1865) ಊರೂ ಹೌದು. ಎಲ್ಲ ಮತಗಳನ್ನೂ ಮನ್ನಿಸುವ ಸಕಲಮತ ಸಂಪ್ರದಾಯ ಇಲ್ಲಿಂದ ಹೊರಟದ್ದು. ಹಿಂದೂ ಮುಸ್ಲಿಂ ಭಕ್ತರಿಬ್ಬರೂ ಅದರ ನೆರಳಿನಲ್ಲಿದ್ದರು. ಮೊಹರಮ್ಮಿನ ಹಾಡುಗಳನ್ನು ಇಬ್ಬರೂ ಕೂಡಿ ಹಾಡುವ ಪದ್ಧತಿ ಈ ಸೀಮೆಯ ಹಳ್ಳಿಗಳಲ್ಲಿ ಸಾಮಾನ್ಯವಾಗಿತ್ತು. ಈ ಮಾತನ್ನು ಇಲ್ಲಿ ಹೇಳುವ ಕಾರಣವಿದೆ. 1938ರ ನಂತರದ ಕಲಹವನ್ನು ಹಳೆಯ ಮತವೈರದ ಮುಂದುವರಿಕೆ ಎಂದು ವಿವರಿಸುವವರು ಎರಡೂ ಕಡೆ ಇದ್ದಾರೆ. ಕ್ಷೇತ್ರಕಾರ್ಯದ ಸಾಮಗ್ರಿ ಅದನ್ನು ಸಮರ್ಥಿಸುವುದಿಲ್ಲ. ಆಳುವವನ ಮುಂದೆ ಅಹವಾಲು ಇಡುವ ದಾರಿಗಳೆಲ್ಲ ಮುಚ್ಚಿದ ಕಡೆ ಅಹವಾಲು ಮತದ ಬಟ್ಟೆ ತೊಟ್ಟಿತು ಎಂಬುದೇ ಹೆಚ್ಚು ಸರಿ.

3

1937ರ ಸೆಪ್ಟೆಂಬರಿನಲ್ಲಿ ನಿಜಾಮ ಸರ್ಕಾರ ದಿವಾನ್ ಬಹದ್ದೂರ್ ಅರವಮುದು ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ಸುಧಾರಣಾ ಸಮಿತಿಯೊಂದನ್ನು ನೇಮಿಸಿತು. ಬ್ರಿಟಿಷ್ ಪ್ರಾಂತಗಳಲ್ಲಿ ಆಗ ತಾನೆ ಚುನಾಯಿತ ಸಚಿವ ಸಂಪುಟಗಳು ಬಂದಿದ್ದವು. ಗಡಿಯಾಚೆಯ ಸೋಲಾಪುರ, ಧಾರವಾಡಗಳ ಗಾಳಿ ಇತ್ತ ಬೀಸದಿರುವುದು ಸಾಧ್ಯವಿರಲಿಲ್ಲ. 1938ರ ಜುಲೈನಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ತಾತ್ಕಾಲಿಕ ಸಮಿತಿ ಅಸ್ತಿತ್ವಕ್ಕೆ ಬಂದಿತು. ಅದರ ಬೇಡಿಕೆ ಆಸಫ್‌ಜಾಹಿ ಮನೆತನದ ಛತ್ರದ ಕೆಳಗೇ ಜವಾಬ್ದಾರಿ ಸರ್ಕಾರ ಬೇಕೆಂಬುದಾಗಿತ್ತು. ದೊರೆಯನ್ನು ತೆಗೆಯಬೇಕೆಂದು ಅದು ಕೇಳಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ನಂತರದ ಬರಹಗಳಲ್ಲಿ ಈ ಅಂಶ ಮಸುಕಾಗಿದೆ. ಸಂಘಟನೆ ವಿಧ್ಯುಕ್ತವಾಗಿ ಉದ್ಘಾಟನೆಯಾಗುವ ಮುನ್ನವೇ, ಸೆಪ್ಟೆಂಬರಿನಲ್ಲಿ, ಸರ್ಕಾರ ಅದನ್ನು ನಿಷೇಧಿಸಿತು. ಅಕ್ಟೋಬರ್ 24ರಂದು ಸತ್ಯಾಗ್ರಹ ಆರಂಭವಾಯಿತು.

ಇದೇ ಹೊತ್ತಿಗೆ ಆರ್ಯಸಮಾಜವೂ ಹಿಂದೂ ಮಹಾಸಭೆಯೂ ಧಾರ್ಮಿಕ ಹಕ್ಕುಗಳಿಗಾಗಿ ತಮ್ಮದೇ ಸತ್ಯಾಗ್ರಹಗಳನ್ನು ಕೈಗೊಂಡವು. ರಾಜಕೀಯ ಚಳವಳಿ ಇವುಗಳೊಡನೆ ಬೆರೆತುಹೋಗಿ ಮತೀಯವೆನ್ನಿಸಿಕೊಳ್ಳಬಾರದೆಂಬ ಕಾರಣದಿಂದ ಗಾಂಧೀಜಿಯವರ ಸಲಹೆಯಂತೆ ಡಿಸೆಂಬರ್ 24ರಂದು ಸ್ಟೇಟ್ ಕಾಂಗ್ರೆಸ್ಸು ತನ್ನ ಸತ್ಯಾಗ್ರಹವನ್ನು ನಿಲ್ಲಿಸಿತು. ಎರಡು ತಿಂಗಳಿಗೆ ಸರಿಯಾಗಿ ಅದು ಮುಗಿಯಿತು. ಸರ್ಕಾರಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿರಲಿಲ್ಲ. ಎದುರು ಪಕ್ಷ ತಾನಾಗಿಯೇ ಹಿಂದೆ ಸರಿದು ಮಾತಿಗೆ ಸಿದ್ಧವಿತ್ತು. ಆಡಳಿತ ಮಂಡಳಿಯ ಅಧ್ಯಕ್ಷ ಸರ್ ಅಕ್ಬರ್ ಹೈದರಿ ಗಾಂಧೀಜಿಯವರೊಡನೆ ಪತ್ರವ್ಯವಹಾರ ನಡೆಸುತ್ತಿದ್ದರು. ಆದರೂ ನಿಷೇಧ ತೆರವಾಗಲಿಲ್ಲ.

ಆರ್ಯಸಮಾಜದ ಸತ್ಯಾಗ್ರಹದ ಕಥೆ ಬೇರೆ. 1939ರಲ್ಲಿ ಮಹಾತ್ಮಾ ನಾರಾಯಣ ಸ್ವಾಮಿಗಳು ಗುಲ್ಬರ್ಗದ ಸೆರೆಮನೆ ಸೇರಿದರು. ಹೊರಗಿನ ಪ್ರಾಂತಗಳಿಂದ ಸಾವಿರಾರು ಜನ ಬಂದು ಬಂಧನಕ್ಕೊಳಗಾದರು. ಆ ವರ್ಷದ ಜುಲೈನಲ್ಲಿ ಸುಧಾರಣೆಗಳ ಘೋಷಣೆಯಾಯಿತು. ಪೂಜೆ, ಪ್ರಚಾರ, ಮಂದಿರಗಳ ವಿಷಯದಲ್ಲಿ ಸರ್ಕಾರ ಕೆಲವು ಸ್ಪಷ್ಟೀಕರಣಗಳನ್ನು ಕೊಟ್ಟಿತು. ಸಾರ್ವದೇಶಿಕ ಸಭೆಯ ಪರವಾಗಿ ಘನಶ್ಯಾಮ ಸಿಂಹ ಗುಪ್ತರು ನಡೆಸಿದ ಮಾತುಕತೆ ಫಲ ನೀಡಿ ಆಗಸ್ಟಿನಲ್ಲಿ ಚಳವಳಿ ನಿಂತಿತು, ಕೈದಿಗಳ ಬಿಡುಗಡೆಯಾಯಿತು. ಅಂದರೆ ನಿಜಾಮ ಪ್ರಭುತ್ವಕ್ಕೆ ರಾಜಿ ಮಾಡಿಕೊಳ್ಳುವ ಕಲೆ ಗೊತ್ತಿರಲಿಲ್ಲವೆಂದಲ್ಲ. ಮತಸ್ವಾತಂತ್ರ್ಯದ ಪ್ರಶ್ನೆಯಲ್ಲಿ, ಅದೂ ಸಂಸ್ಥಾನದ ಹೊರಗಿನ ಪ್ರತಿನಿಧಿಯೊಡನೆ, ಅದು ರಾಜಿಗೆ ಒಪ್ಪಿತು. ಅಧಿಕಾರದ ಪ್ರಶ್ನೆಯಲ್ಲಿ, ತನ್ನದೇ ಪ್ರಜೆಗಳೊಡನೆ ಒಪ್ಪಲಿಲ್ಲ.

1939ರ ಸುಧಾರಣೆಯ ರೂಪವನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. 85 ಸದಸ್ಯರ ಶಾಸನ ಸಭೆ. ಅವರಲ್ಲಿ ಚುನಾಯಿತರು 42. ಚುನಾವಣೆ ಊರು, ತಾಲೂಕುಗಳ ಲೆಕ್ಕದಲ್ಲಿ ಅಲ್ಲ, ರೈತ, ಜಮೀನುದಾರ, ವ್ಯಾಪಾರಿ ಮುಂತಾದ ವೃತ್ತಿಹಿತಗಳ ಲೆಕ್ಕದಲ್ಲಿ. ಹಿಂದೂ ಮುಸ್ಲಿಮರಿಗೆ ಸಮಪ್ರಾತಿನಿಧ್ಯ. ಸಚಿವರು ಸಭೆಗೆ ಉತ್ತರದಾಯಿಗಳಲ್ಲ. ಇದರ ಹಿಂದಿನ ತತ್ತ್ವವನ್ನೂ ಫರ್ಮಾನು ವಿವರಿಸಿತ್ತು. ಪ್ರಜೆಗಳನ್ನು ದೊರೆ ತನ್ನ ವ್ಯಕ್ತಿತ್ವದಲ್ಲಿಯೇ ನೇರವಾಗಿ ಪ್ರತಿನಿಧಿಸುತ್ತಾನೆ, ಬಂದು ಹೋಗುವ ಚುನಾಯಿತರಿಗಿಂತ ಆ ನಂಟು ಹೆಚ್ಚು ಸಹಜವಾದದ್ದು ಎಂಬುದು ಅದರ ಸಾರ. ಈ ತತ್ತ್ವವನ್ನು ಒಪ್ಪಿದರೆ ವಿರೋಧ ಪಕ್ಷವೆಂಬ ವಸ್ತುವಿಗೆ ಜಾಗವೇ ಇರುವುದಿಲ್ಲ. ಪ್ರಜೆಗಳ ಪ್ರತಿನಿಧಿ ದೊರೆಯೇ ಆಗಿರುವಾಗ ದೊರೆ ಯಾರೊಡನೆ ಮಾತಾಡಬೇಕು? ಯುದ್ಧದ ನೆಪದಲ್ಲಿ ಈ ಸುಧಾರಣೆಗಳೂ ವರ್ಷಗಟ್ಟಲೆ ಮುಂದೆ ಹೋದವು.

ನಂತರ ನಡೆದದ್ದು ಹೆಸರಿನ ಜಗಳ. ಕಾಂಗ್ರೆಸ್ ಎಂಬ ಪದ ಹೊರಗಿನ ಸಂಸ್ಥೆಯೊಂದರ ಅಂಗವೆಂಬ ಭಾವನೆ ಕೊಡುತ್ತದೆ ಎಂಬುದು ಹೈದರಿಯವರ ಆಕ್ಷೇಪ. ಕಾಶೀನಾಥರಾವ್ ವೈದ್ಯ ಮೊದಲಾದ ನಾಯಕರು ಬಿಕ್ಕಟ್ಟು ಬಗೆಹರಿದರೆ ಸಾಕೆಂದು ಹೆಸರನ್ನೇ ಬಿಟ್ಟುಕೊಟ್ಟು ಹೈದರಾಬಾದ್ ನ್ಯಾಷನಲ್ ಕಾನ್ಫರೆನ್ಸ್ ಎಂದು ಬದಲಿಸಿಕೊಳ್ಳಲು ಸಿದ್ಧರಾದರು. ಹೆಸರು ಬದಲಾದ ಮೇಲೆ ಆ ಸಂಸ್ಥೆಗೂ ಮಾನ್ಯತೆ ದೊರೆಯಲಿಲ್ಲ. ಆಗ, 1940ರ ಸೆಪ್ಟೆಂಬರಿನಲ್ಲಿ, ಸ್ವಾಮಿ ರಮಾನಂದ ತೀರ್ಥರು ಗಾಂಧೀಜಿಯವರ ಒಪ್ಪಿಗೆ ಪಡೆದು ವೈಯಕ್ತಿಕ ಸತ್ಯಾಗ್ರಹಕ್ಕೆ ಇಳಿದರು. ಸಿಂದಗಿಯಲ್ಲಿ ಹುಟ್ಟಿ, ಮರಾಠವಾಡದ ಹಿಪ್ಪರಗಾ, ಮೋಮಿನಾಬಾದುಗಳಲ್ಲಿ ಮೇಷ್ಟರಾಗಿದ್ದ ಈ ಸನ್ಯಾಸಿ ಚಳವಳಿಯ ಮುಖ್ಯ ನಾಯಕರಾದದ್ದು ಹೀಗೆ ಮಂದಗಾಮಿಗಳ ಮಾತುಕತೆ ಮುರಿದುಬಿದ್ದ ಮೇಲೆ. ಹೆಸರು ಬಿಟ್ಟುಕೊಟ್ಟವರೂ ಬರಿಗೈಯಲ್ಲಿ ಬಂದದ್ದು ಸಂಧಾನದಲ್ಲಿ ನಂಬಿಕೆಯಿಟ್ಟವರ ಬಾಯಿ ಮುಚ್ಚಿಸಿತು. ಮುಂದಿನ ಎಂಟು ವರ್ಷಗಳ ಕಥೆಯ ಬೀಜ ಇಲ್ಲಿದೆ ಎಂದು ನನ್ನ ಅಭಿಪ್ರಾಯ.

ಹೋಲಿಕೆಗೆ ಅದೇ 1938ರ ಮೈಸೂರನ್ನು ನೋಡಬಹುದು. ಏಪ್ರಿಲಿನಲ್ಲಿ ವಿದುರಾಶ್ವತ್ಥದಲ್ಲಿ ಗೋಲಿಬಾರು ನಡೆದು ಜನ ಸತ್ತರು. ಮರು ತಿಂಗಳಲ್ಲಿಯೇ ಸರ್ದಾರ್ ಪಟೇಲ್ ಹಾಗೂ ಕೃಪಲಾನಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತಾಡಿದರು; ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ದೊರೆಯಿತು, ರಾಜ್ಯದ ಬಾವುಟದ ಜೊತೆಗೆ ಕಾಂಗ್ರೆಸ್ಸಿನ ಬಾವುಟವನ್ನೂ ಹಾರಿಸುವ ವಿಷಯ ಇತ್ಯರ್ಥವಾಯಿತು. ಮೈಸೂರಿನ ಅರಸರೂ ಜವಾಬ್ದಾರಿ ಸರ್ಕಾರವನ್ನು ಆಗಲೇ ಕೊಟ್ಟುಬಿಡಲಿಲ್ಲ. ಆದರೆ ಎದುರಿಗಿರುವುದು ಒಂದು ಪಕ್ಷ, ಅದಕ್ಕೊಂದು ಹೆಸರಿದೆ, ಬಾವುಟವಿದೆ ಎಂಬುದನ್ನು ಒಪ್ಪಿಕೊಂಡರು.

4

ಸ್ಟೇಟ್ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆರವಾದದ್ದು 1946ರ ಜುಲೈನಲ್ಲಿ. ಮರು ತಿಂಗಳು ಅದೇ ಮಿರ್ಜಾ ಇಸ್ಮಾಯಿಲರು ಹೈದರಾಬಾದಿನ ಪ್ರಧಾನಿಯಾಗಿ ಬಂದರು. ಮೈಸೂರಿನಲ್ಲಿ ಕೆಲಸ ಮಾಡಿದ ಕೈ ಇಲ್ಲಿ ಮಾಡಲಿಲ್ಲ. ಇತ್ತೇಹಾದುಲ್ ಮುಸ್ಲಿಮೀನ್ ಸಂಘಟನೆಯ ವಿರೋಧ, ದೊರೆಯ ಅರೆಮನಸ್ಸು ಎರಡರ ನಡುವೆ ಸಿಕ್ಕಿ 1947ರ ಮೇ ತಿಂಗಳಲ್ಲಿ ಅವರು ರಾಜೀನಾಮೆಯಿತ್ತರು. ಏಳೆಂಟು ವರ್ಷ ಹಳತಾದ ಸುಧಾರಣೆಯ ಆಧಾರದ ಮೇಲೆ ಕರೆದ ಚುನಾವಣೆಯನ್ನು ಸ್ಟೇಟ್ ಕಾಂಗ್ರೆಸ್ಸು ಬಹಿಷ್ಕರಿಸಿತು. ಜೂನಿನಲ್ಲಿ ನಿಜಾಮರು ತಾವು ಸ್ವತಂತ್ರರಾಗಿ ಉಳಿಯುವ ಇಂಗಿತವನ್ನು ಫರ್ಮಾನಿನ ಮೂಲಕ ತಿಳಿಸಿದರು. ಆಗಸ್ಟ್ 7ರಂದು ಸ್ಟೇಟ್ ಕಾಂಗ್ರೆಸ್ಸು ಭಾರತದ ಒಕ್ಕೂಟ ಸೇರುವ ಚಳವಳಿ ಆರಂಭಿಸಿತು. ಆಗಸ್ಟ್ 15ರಂದು ಸ್ವಾಮಿ ರಮಾನಂದ ತೀರ್ಥರ ಬಂಧನವಾಯಿತು.

ಮೈಸೂರಿನಲ್ಲಿ ಆ ಶರತ್ಕಾಲದಲ್ಲಿಯೇ ಬಿಕ್ಕಟ್ಟು ತಲೆದೋರಿತ್ತು. ಒಕ್ಕೂಟ ಸೇರುವುದಕ್ಕೆ ಜಯಚಾಮರಾಜ ಒಡೆಯರು ಆಗಸ್ಟಿನಲ್ಲಿಯೇ ಒಪ್ಪಿದ್ದರೂ ಜವಾಬ್ದಾರಿ ಸರ್ಕಾರದ ಪ್ರಶ್ನೆ ಉಳಿದಿತ್ತು. ಸೆಪ್ಟೆಂಬರ್ 1ರಂದು ‘ಮೈಸೂರು ಚಲೋ’ ಆರಂಭವಾಗಿ ಕೆ.ಸಿ. ರೆಡ್ಡಿ ಮತ್ತು ಇತರರು ಸೆರೆಯಾದರು. ಆರು ವಾರಗಳ ತರುವಾಯ, ಅಕ್ಟೋಬರ್ 12ರಂದು, ಅರಸರ ಸರ್ಕಾರಕ್ಕೂ ಮೈಸೂರು ಕಾಂಗ್ರೆಸ್ಸಿಗೂ ಒಪ್ಪಂದವಾಯಿತು. ಆ ತಿಂಗಳು ಮುಗಿಯುವುದರೊಳಗೆ, ಸೆರೆಮನೆಯಿಂದ ಬಂದ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡರು. ಅರಸ ಅರಸನಾಗಿಯೇ ಉಳಿದ, ಪ್ರಜೆಗಳ ಸರ್ಕಾರವೂ ಬಂದಿತು. 1938ರಲ್ಲಿ ಹೈದರಾಬಾದಿನ ಸ್ಟೇಟ್ ಕಾಂಗ್ರೆಸ್ಸು ಕೇಳಿದ್ದು ಇಷ್ಟನ್ನೇ.

ಹೈದರಾಬಾದಿನಲ್ಲಿ ಅದೇ ಅಕ್ಟೋಬರಿನಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟು ನೋಡಬೇಕು. ಭಾರತ ಸರ್ಕಾರದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದದ ಕರಡು ಸಿದ್ಧವಾಗಿತ್ತು. ಛತ್ತಾರಿಯ ನವಾಬರ ನೇತೃತ್ವದ ಆಡಳಿತ ಮಂಡಳಿ ಅದನ್ನು ಆರು ಮತಗಳಿಗೆ ಮೂರರಂತೆ ಒಪ್ಪಿತ್ತು. ನಿಜಾಮರ ಸಹಿಯೊಂದು ಉಳಿದಿತ್ತು. ಅಕ್ಟೋಬರ್ 27ರ ನಸುಕಿನಲ್ಲಿ ಸಾವಿರಾರು ಜನರ ಗುಂಪು ಛತ್ತಾರಿ, ಸರ್ ಸುಲ್ತಾನ್ ಅಹ್ಮದ್, ಸರ್ ವಾಲ್ಟರ್ ಮಾಂಕ್ಟನ್ ಅವರ ಮನೆಗಳನ್ನು ಮುತ್ತಿ ನಿಯೋಗ ದೆಹಲಿಗೆ ಹೊರಡದಂತೆ ತಡೆಯಿತು. ಇದರ ಹಿಂದೆ ಇದ್ದವನು ಇತ್ತೇಹಾದಿನ ಅಧ್ಯಕ್ಷ, ಲಾತೂರಿನ ವಕೀಲ ಕಾಸಿಂ ರಜ್ವಿ. ನಿಯೋಗ ಬದಲಾಯಿತು, ಪ್ರಧಾನಿ ಬದಲಾದರು, ಮೀರ್ ಲಾಯಕ್ ಅಲಿ ಬಂದರು. ಆದರೆ ನವೆಂಬರ್ 29ರಂದು ಕೊನೆಗೆ ಸಹಿಯಾದ ಒಪ್ಪಂದ ಬಹುತೇಕ ಹಳೆಯ ಕರಡೇ ಆಗಿತ್ತು.

ಸ್ವಾಮಿ ರಮಾನಂದ ತೀರ್ಥರನ್ನು ಆ ಸಂದರ್ಭದಲ್ಲಿ ಬಿಡುಗಡೆ ಮಾಡಲಾಯಿತು. ಮಧ್ಯಂತರ ಸರ್ಕಾರದಲ್ಲಿ ಸೇರಿಸಿಕೊಳ್ಳುವ ಮಾತುಗಳೂ ಕೇಳಿಬಂದವು. ಜವಾಬ್ದಾರಿ ಸರ್ಕಾರದ ಭರವಸೆಯಿಲ್ಲದ ಕುರ್ಚಿಗಳು ಕಾಂಗ್ರೆಸ್ಸಿಗೆ ಬೇಕಿರಲಿಲ್ಲ. 1948ರ ಜನವರಿಯಲ್ಲಿ ಅವರು ಮತ್ತೆ ಸೆರೆ ಸೇರಿದರು. ಅಲ್ಲಿಂದಾಚೆಗೆ ಮಾತುಕತೆಯೆಂದರೆ ಹೈದರಾಬಾದ್ ಮತ್ತು ದೆಹಲಿಗಳ ನಡುವಿನದು ಮಾತ್ರ. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳ ಶಿಬಿರದಂಥ ಹೋರಾಟದ ನೆಲೆಗಳು ಕೆಲಸ ಮಾಡತೊಡಗಿದ್ದವು. ಒಳಗೆ ರಜಾಕಾರರ ದಂಡು. ನಡುವೆ ಹಳ್ಳಿಗಳು.

1948ರ ಮೇ ತಿಂಗಳಲ್ಲಿ ಬಸವಕಲ್ಯಾಣಕ್ಕೆ ಸಮೀಪದ ಗೋರ್ಟಾ ಗ್ರಾಮದ ಮೇಲೆ ರಜಾಕಾರರು ದಾಳಿ ಮಾಡಿದರು. ಸತ್ತವರು ಸುಮಾರು 200 ಎಂಬುದು ಈ ಭಾಗದಲ್ಲಿ ರೂಢಿಯಲ್ಲಿರುವ ಲೆಕ್ಕ. ಅದೇ ಬೇಸಗೆಯಲ್ಲಿ ದೆಹಲಿಯಲ್ಲಿ ಮೌಂಟ್‌ಬ್ಯಾಟನ್ ತಮ್ಮ ಅಧಿಕಾರಾವಧಿಯ ಕೊನೆಯ ವಾರಗಳನ್ನು ಲಾಯಕ್ ಅಲಿಯವರೊಡನೆ ಕರಡು ತಿದ್ದುವುದರಲ್ಲಿ ಕಳೆಯುತ್ತಿದ್ದರು. ಜವಾಬ್ದಾರಿ ಸರ್ಕಾರ, ಸಂವಿಧಾನ ಸಭೆ, ರಜಾಕಾರರ ನಿಯಂತ್ರಣ ಎಲ್ಲವೂ ಆ ಕರಡಿನಲ್ಲಿದ್ದವು. ಜೂನ್ ನಡುವಿನಲ್ಲಿ ನಿಜಾಮರು ಅದನ್ನು ನಿರಾಕರಿಸಿದರು. ಜೂನ್ 21ರಂದು ಮೌಂಟ್‌ಬ್ಯಾಟನ್ ಭಾರತ ಬಿಟ್ಟರು.

5

ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ರಸ್ತೆ ನಳದುರ್ಗ, ಉಮರ್ಗಾ ದಾಟಿ ನಮ್ಮ ಸೀಮೆಯನ್ನು ಪ್ರವೇಶಿಸುತ್ತದೆ. ಸಸ್ತಾಪುರ ಬಂಗ್ಲಾ ಬಳಿ ಕಲ್ಯಾಣದ ದಾರಿ ಕವಲೊಡೆಯುತ್ತದೆ. ಮುಂದೆ ರಾಜೇಶ್ವರ, ಆಮೇಲೆ ಹುಮನಾಬಾದು, ಆಮೇಲೆ ಜಹೀರಾಬಾದು. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧರಿಯವರ ಸೇನೆ ಮುಖ್ಯವಾಗಿ ಹಿಡಿದದ್ದು ಇದೇ ರಸ್ತೆಯನ್ನು. ಮೊದಲ ದಿನ ನಳದುರ್ಗ, ಎರಡನೆಯ ದಿನ ಉಮರ್ಗಾದಿಂದ ರಾಜೇಶ್ವರದ ಕಡೆಗೆ. 17ರ ನಸುಕಿಗೆ ಬೀದರ. ಹಿರಿಯರ ನೆನಪಿನಲ್ಲಿರುವ ‘ಲಷ್ಕರ’ ಇದು. ಟ್ಯಾಂಕುಗಳು ನೆಲ ನಡುಗಿಸಿದ ರೀತಿ, ವಿಮಾನದ ಸದ್ದಿಗೆ ದನಗಳು ಹಗ್ಗ ಹರಿದದ್ದು, ಕಬ್ಬು ಜೋಳದ ಹೊಲಗಳಲ್ಲಿ ಅಡಗಿದ್ದು, ಇಂಥ ವಿವರಗಳನ್ನು ರಸ್ತೆ ಬದಿಯ ಊರುಗಳಲ್ಲಿ ಕೇಳಬಹುದಾಗಿತ್ತು. ಹತ್ತು ವರ್ಷ ಮೇಜಿನ ಮೇಲೆ ಬಗೆಹರಿಯದ್ದು ಐದು ದಿನಗಳಲ್ಲಿ ರಸ್ತೆಯ ಮೇಲೆ ಬಗೆಹರಿಯಿತು. ಹಳ್ಳಿಯವರು ಕಂಡದ್ದು ರಸ್ತೆಯನ್ನೇ ಹೊರತು ಮೇಜನ್ನಲ್ಲ.

ಇದರ ಮುಂದಿನ ಭಾಗವನ್ನು ನಮ್ಮ ಸ್ಮರಣ ಸಂಪುಟಗಳು ಬಹುಕಾಲ ಬಿಟ್ಟುಬಿಟ್ಟಿವೆ. ಪೊಲೀಸ್ ಕಾರ್ಯಾಚರಣೆಯ ಸಮಯದಲ್ಲಿಯೂ ಅನಂತರವೂ ಮುಸ್ಲಿಮರ ಮೇಲೆ ನಡೆದ ಹಿಂಸೆಯ ವಿಚಾರಣೆಗೆ ಭಾರತ ಸರ್ಕಾರ ಪಂಡಿತ ಸುಂದರಲಾಲರ ನೇತೃತ್ವದ ನಿಯೋಗವನ್ನು ಕಳಿಸಿತು. ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬೇಕೆಂದು ಅದು ಅಂದಾಜಿಸಿತು. ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳೆಂದು ಅದು ಗುರುತಿಸಿದ್ದು ಉಸ್ಮಾನಾಬಾದ, ಗುಲ್ಬರ್ಗ, ಬೀದರ, ನಾಂದೇಡಗಳನ್ನು. ವರದಿ ಸಾರ್ವಜನಿಕರ ಕೈಗೆ ಸಿಕ್ಕಿದ್ದು 2013ರಲ್ಲಿ. ಅಂಕಿಗಳ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ; ಘಟನೆಯ ಬಗ್ಗೆ ಇಲ್ಲ. ಜನಪದ ಅಧ್ಯಯನದ ದೃಷ್ಟಿಯಿಂದ ಹೇಳುವುದಾದರೆ, ‘ಗದ್ದಲ’ ಎಂಬ ಒಂದೇ ಪದ ನಮ್ಮಲ್ಲಿ ಎರಡು ಹಿಂಸೆಗಳನ್ನೂ ಹೊತ್ತಿದೆ. ಹಿಂದೂ ಮನೆಗಳಲ್ಲಿ ಅದರ ಅರ್ಥ ಲಷ್ಕರ ಬರುವುದಕ್ಕೆ ಮುಂಚಿನದು. ಮುಸ್ಲಿಂ ಮನೆಗಳಲ್ಲಿ ಬಂದ ಮೇಲಿನದು. ನಾನು ವಿದ್ಯಾರ್ಥಿಯಾಗಿ ಈ ಕೆಲಸ ಆರಂಭಿಸಿದಾಗ ಈ ವ್ಯತ್ಯಾಸ ತಿಳಿಯದೆ ಕೆಲವು ಧ್ವನಿಮುದ್ರಣಗಳಿಗೆ ತಪ್ಪು ಶೀರ್ಷಿಕೆ ಬರೆದಿದ್ದೆ. ಎಷ್ಟೋ ವರ್ಷಗಳ ಮೇಲೆ ಮತ್ತೆ ಕೇಳಿದಾಗ, ವಕ್ತೃ ಹೇಳುತ್ತಿದ್ದ ಗದ್ದಲ ನಾನು ಅಂದುಕೊಂಡದ್ದಲ್ಲ ಎಂಬುದು ಗೊತ್ತಾಯಿತು.

ಸಂಧಾನದ ವೈಫಲ್ಯವನ್ನು ಕೇವಲ ಅರಮನೆಯ ವಿಷಯವೆಂದು ತಿಳಿಯಬಾರದೆನ್ನುವುದು ಈ ಕಾರಣದಿಂದ. 1940ರಲ್ಲಿ ಹೆಸರೊಂದರ ಮೇಲೆ ಮುರಿದ ಮಾತಿನ ಬೆಲೆಯನ್ನು 1948ರಲ್ಲಿ ತೆತ್ತವರು ಆ ಹೆಸರನ್ನೇ ಕೇಳಿರದ ಜನ, ಎರಡೂ ಕಡೆಯವರು.

6

ಇನ್ನು ಜನಸ್ಮೃತಿ ಈ ವೈಫಲ್ಯವನ್ನು ವಿವರಿಸುವ ಬಗೆ. ಮಾತುಕತೆಗಳ ನೆನಪಿಲ್ಲದಿದ್ದರೂ ವಿವರಣೆಯೊಂದು ಇದ್ದೇ ಇದೆ. ಬಾದಶಹ ಕೆಟ್ಟವನಲ್ಲ, ಅವನ ಸುತ್ತ ಇದ್ದವರು ಕೆಟ್ಟವರು, ಕಾಸಿಂ ರಜ್ವಿ ಅವನ ಕಣ್ಣಿಗೆ ಮಣ್ಣೆರಚಿದ ಎಂಬುದು ಅದರ ತಿರುಳು. ಹಿಂದೂ ಮುಸ್ಲಿಂ ವಕ್ತೃಗಳಿಬ್ಬರಲ್ಲಿಯೂ ಇದನ್ನು ಕೇಳಿದ್ದೇನೆ. ಒಳ್ಳೆಯ ದೊರೆ, ಕೆಟ್ಟ ಮಂತ್ರಿ ಎಂಬ ಆಶಯ ಲೋಕದ ಜನಪದ ಕಥೆಗಳಲ್ಲೆಲ್ಲ ಇದೆ. ಆದರೆ ಕಲ್ಯಾಣದಲ್ಲಿ ಅದಕ್ಕೊಂದು ಸ್ಥಳೀಯ ಮಾದರಿ ಇದೆ ಎಂಬುದು ವಿಶೇಷ.

ಹನ್ನೆರಡನೆಯ ಶತಮಾನದ ಕಲ್ಯಾಣದ ಕಥೆಯಲ್ಲಿ ದೊರೆ ಬಿಜ್ಜಳ, ಭಂಡಾರಿ ಬಸವಣ್ಣ. ಇಬ್ಬರ ನಡುವೆ ಮಾತು ಕೆಡಿಸುವವನು ಕೊಂಡೆಯ ಮಂಚಣ್ಣ, ಜನರ ಬಾಯಲ್ಲಿ ಕೊಂಡಿ ಮಂಚಣ್ಣ. ಪುರಾಣ ಕಾವ್ಯಗಳಿಂದ ಹಿಡಿದು ಊರೂರಿನ ಬಯಲಾಟ, ನಾಟಕಗಳವರೆಗೆ ಈ ಪಾತ್ರ ಬದುಕಿಬಂದಿದೆ. ಬಿಜ್ಜಳ ಚಾಡಿಗೆ ಕಿವಿಗೊಟ್ಟ, ಹರಳಯ್ಯ ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತು, ಕಲ್ಯಾಣ ಹಾಳಾಯಿತು. ಈ ಕಥನದಲ್ಲಿ ಬಿಜ್ಜಳನ ತಪ್ಪು ಕಿವಿಯದ್ದು, ಮನಸ್ಸಿನದಲ್ಲ. ಎಂಟು ಶತಮಾನಗಳ ಮೇಲೆ ಅದೇ ನೆಲದ ಜನ ತಮ್ಮ ಕಾಲದ ದೊರೆಯ ಪತನವನ್ನು ಹೇಳಬೇಕಾಗಿ ಬಂದಾಗ ಕೈಗೆಟುಕುವ ಅಚ್ಚು ಸಿದ್ಧವಿತ್ತು. ರಜ್ವಿಯನ್ನು ಮಂಚಣ್ಣನ ಜಾಗದಲ್ಲಿ ಕೂರಿಸಿದರಾಯಿತು.

ಕುತೂಹಲದ ಸಂಗತಿಯೆಂದರೆ ಇದೇ ಕಥೆಯನ್ನು ದೊರೆಯೂ ಹೇಳಿದರು. ಸೆಪ್ಟೆಂಬರ್ 17ರಂದು ಲಾಯಕ್ ಅಲಿಯವರ ಸಂಪುಟ ರಾಜೀನಾಮೆಯಿತ್ತಿತು. ನಿಜಾಮರು ಯುದ್ಧ ನಿಲುಗಡೆಯನ್ನು ಸಾರಿದರು, ಸ್ವಾಮಿ ರಮಾನಂದ ತೀರ್ಥರನ್ನು ಬಿಡಿಸಿದರು, ಆಡಳಿತಕ್ಕೆ ಹೊಸ ಸಮಿತಿಯೊಂದನ್ನು ಹೆಸರಿಸಿದರು. ಪ್ರಜಾ ಪಕ್ಷದತ್ತ ಚಾಚಿದ ಈ ಕೈಗೆ ಆಗ ಅರ್ಥ ಉಳಿದಿರಲಿಲ್ಲ. ಮಿಲಿಟರಿ ಗವರ್ನರ್ ಆಗಿ ಬಂದ ಚೌಧರಿ ಆ ಸಮಿತಿಗೆ ಅಧಿಕಾರ ಕೊಡಲಿಲ್ಲ. ಸೆಪ್ಟೆಂಬರ್ 23ರ ರೇಡಿಯೋ ಭಾಷಣದಲ್ಲಿ ನಿಜಾಮರು ಹಿಂದಿನ ವರ್ಷ ಸಣ್ಣ ಗುಂಪೊಂದು ಛತ್ತಾರಿಯವರ ಮನೆಯನ್ನು ಮುತ್ತಿ, ಬಲಾತ್ಕಾರದಿಂದ ಲಾಯಕ್ ಅಲಿ ಸಂಪುಟವನ್ನು ತಮ್ಮ ಮೇಲೆ ಹೇರಿ, ತಮ್ಮನ್ನು ನಿಸ್ಸಹಾಯಕರನ್ನಾಗಿ ಮಾಡಿತು ಎಂದು ವಿವರಿಸಿದರು. 1950ರಲ್ಲಿ ಅವರು ಹೈದರಾಬಾದ್ ರಾಜ್ಯದ ರಾಜಪ್ರಮುಖರಾದರು. 1956ರ ನವೆಂಬರಿನಲ್ಲಿ ಬೀದರ ಜಿಲ್ಲೆ ಒಡೆದು ಉದಗೀರ, ನಿಲಂಗಾ, ಅಹ್ಮದಪುರಗಳು ಮುಂಬಯಿಗೆ, ಜಹೀರಾಬಾದು, ನಾರಾಯಣಖೇಡಗಳು ಆಂಧ್ರಕ್ಕೆ, ನಾವು ಮೈಸೂರಿಗೆ ಸೇರುವವರೆಗೆ ಅವರು ಆ ಪದವಿಯಲ್ಲಿದ್ದರು.

ಅಕ್ಟೋಬರ್ 1947ರ ಮಟ್ಟಿಗೆ ಆ ಭಾಷಣದ ಮಾತು ಸುಳ್ಳಲ್ಲ. ಮುತ್ತಿಗೆ ನಡೆದದ್ದು ನಿಜ. ಆದರೆ ಸಂಧಾನಗಳ ಇಡೀ ಕ್ರಮವನ್ನು ನೋಡಿದವರಿಗೆ ಈ ಕಥೆ ಎಲ್ಲಿಂದ ಆರಂಭವಾಗುತ್ತದೆ ಎಂಬುದೇ ಸಮಸ್ಯೆ. ರಜ್ವಿ ಇತ್ತೇಹಾದಿನ ಅಧ್ಯಕ್ಷನಾದದ್ದು 1946ರಲ್ಲಿ. ಸ್ಟೇಟ್ ಕಾಂಗ್ರೆಸ್ಸು ಹುಟ್ಟುವ ಮುನ್ನವೇ ನಿಷೇಧಕ್ಕೊಳಗಾದದ್ದು 1938ರಲ್ಲಿ. ಸತ್ಯಾಗ್ರಹ ನಿಲ್ಲಿಸಿದವರಿಗೆ ಉತ್ತರ ಸಿಗದಿದ್ದದ್ದು 1939ರಲ್ಲಿ. ಹೆಸರು ಬದಲಿಸಿಕೊಂಡವರನ್ನು ಬಾಗಿಲಿನಿಂದ ಕಳಿಸಿದ್ದು 1940ರಲ್ಲಿ. ಆ ಮೂರು ವರ್ಷಗಳಲ್ಲಿ ದೊರೆಯ ಪಕ್ಕದಲ್ಲಿದ್ದವರು ಅಕ್ಬರ್ ಹೈದರಿಯವರಂಥ ನುರಿತ ಆಡಳಿತಗಾರರು. ಬಹದ್ದೂರ್ ಯಾರ್ ಜಂಗರ ಇತ್ತೇಹಾದಿನ ಒತ್ತಡ ಆಗಲೂ ಇತ್ತೆಂಬುದು ನಿಜ. ಆದರೆ ಯಾರ ಮನೆಯನ್ನೂ ಯಾರೂ ಮುತ್ತಿರಲಿಲ್ಲ. ಮಂಚಣ್ಣನ ಕಥೆಯನ್ನು 1947ರಿಂದ ಆರಂಭಿಸಿದರೆ ಈ ನಿರಾಕರಣೆಗಳು ಕಥೆಯ ಹೊರಗೆ ಉಳಿಯುತ್ತವೆ.

ಶರಣ ಸಾಹಿತ್ಯದ ವಿದ್ವಾಂಸರು ಬಿಜ್ಜಳನ ವಿಷಯದಲ್ಲಿಯೂ ಇಂಥದೇ ಪ್ರಶ್ನೆಯನ್ನು ಎತ್ತಿದ್ದಾರೆ. ಚಾಲುಕ್ಯರಿಂದ ರಾಜ್ಯವನ್ನು ಕಸಿದುಕೊಂಡ ದೊರೆಗೆ ಶರಣರ ವರ್ಣಸಂಕರದ ವಿವಾಹವನ್ನು ಸಹಿಸಲು ತನ್ನದೇ ರಾಜಕೀಯ ಅಡ್ಡಿಗಳಿದ್ದವು. ಚಾಡಿಕೋರನೊಬ್ಬ ಇಲ್ಲದಿದ್ದರೂ ಅವು ಇರುತ್ತಿದ್ದವು. ಬಯಲಾಟದ ರಂಗಕ್ಕೆ ಈ ವಿವರಣೆ ಬರಲಾರದು, ಅಲ್ಲಿ ಮಂಚಣ್ಣ ಬೇಕೇ ಬೇಕು.

ಪ್ರತಿ ಸೆಪ್ಟೆಂಬರ್ 17ರಂದು ಬಸವಕಲ್ಯಾಣ, ಹುಮನಾಬಾದಗಳಲ್ಲಿ ಧ್ವಜಾರೋಹಣ ನಡೆಯುತ್ತದೆ. ಹೈದರಾಬಾದ್ ಕರ್ನಾಟಕ ಎಂಬ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಬದಲಾಯಿತು. ಗೋರ್ಟಾದಲ್ಲಿ ಸ್ಮಾರಕವೂ ಪಟೇಲರ ಪ್ರತಿಮೆಯೂ ನಿಂತು 2023ರ ಮಾರ್ಚಿನಲ್ಲಿ ಉದ್ಘಾಟನೆಯಾದವು. ಭಾಷಣಗಳಲ್ಲಿ ರಜಾಕಾರರೂ ಲಷ್ಕರವೂ ಪ್ರತಿವರ್ಷ ಬರುತ್ತಾರೆ. ಹೆಸರು ಬಿಟ್ಟುಕೊಟ್ಟು ಬಾಗಿಲಲ್ಲಿ ಕಾದ ಕಾಶೀನಾಥರಾವ್ ವೈದ್ಯರ ಪ್ರಸ್ತಾಪ ಅಲ್ಲಿ ಬಂದದ್ದನ್ನು ನಾನು ಕೇಳಿಲ್ಲ.